ಹಾಡಿನಲ್ಲಿ ಪ್ರಸಂಗ ಬೇಡ, ನೀವೇ ಬನ್ನಿ

ಈ ತಿಂಗಳು ಬಂದ ಪತ್ರಗಳಲ್ಲಿ ಹಾಡು ಕಟ್ಟುವವರದ್ದು, ನುಡಿಸುವವರದ್ದೇ ಜಾಸ್ತಿ. ನನಗೆ ತುಂಬಾ ಖುಷಿಯಾಯಿತು. ಇಪ್ಪತ್ತು ವರ್ಷದಿಂದ ಚರ್ಚಿನ ಆರಾಧನೆಯಲ್ಲಿ ಹಾಡಿಸುತ್ತಾ ಬಂದವಳು ನಾನು. ಇಲ್ಲಿರುವ ಹೆಚ್ಚಿನ ಪ್ರಶ್ನೆಗಳು ಒಂದಲ್ಲ ಒಂದು ದಿನ ನನ್ನನ್ನೂ ಕಾಡಿದವೇ. ಆರು ಪ್ರಶ್ನೆ ಆರಿಸಿಕೊಂಡಿದ್ದೇನೆ.

ಪ್ರಶ್ನೆ: ಅಕ್ಕಾ, ನಾನು ಗಿಟಾರ್ ನುಡಿಸುತ್ತೇನೆ, ಹಾಡೂ ಬರೆಯುತ್ತೇನೆ. ಯೇಸುವಿನ ಬಗ್ಗೆ ಗೊತ್ತಿಲ್ಲದವರಿಗೂ ನನ್ನ ಹಾಡು ತಲುಪಬೇಕು ಅನ್ನೋದು ಆಸೆ. ಆದರೆ ಆಪ್ತ ಗೆಳೆಯನೊಬ್ಬ ಕೇಳಿ, "ಟ್ಯೂನ್ ಚೆನ್ನಾಗಿದೆ, ಆದ್ರೆ ಪಾದ್ರಿಯ ಪ್ರಸಂಗ ಕೇಳಿದ ಹಾಗಾಯ್ತು" ಅಂದುಬಿಟ್ಟ. ಒಂದು ಹಾಡು ಕಳಿಸಿದ್ದೇನೆ. ಎಲ್ಲಿ ತಪ್ಪಿದೆ ಹೇಳಿ.

ಉತ್ತರ: ಮೂರು ಸಲ ಕೇಳಿದೆ. ನಿಮ್ಮ ಗೆಳೆಯ ಒಳ್ಳೆಯ ಗೆಳೆಯ, ಅವರನ್ನು ಬಿಡಬೇಡಿ.

ಮೊದಲ ಚರಣ ನೋಡಿ. ಬನ್ನಿರಿ, ತಿರುಗಿರಿ, ನಂಬಿರಿ, ಉಳಿಯಿರಿ. ನಾಲ್ಕು ಸಾಲು, ನಾಲ್ಕು ಅಪ್ಪಣೆ. ಎರಡನೇ ಚರಣದಲ್ಲೂ ಅದೇ. ಹಾಡಿನ ತುಂಬಾ "ನೀವು" ಅನ್ನುವ ಮಾತೇ, "ನಾನು" ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಕೇಳುವವರಿಗೆ ಯಾರೋ ಮೆಟ್ಟಿಲ ಮೇಲೆ ನಿಂತು ಕೈ ಬೀಸಿ ಕರೆದ ಹಾಗೆ ಅನ್ನಿಸುತ್ತದೆ. ಆದರೆ ಕೊನೆಯ ಚರಣಕ್ಕೆ ಮುಂಚೆ ಒಂದು ಸಾಲು ಬರುತ್ತದಲ್ಲ, "ಆಸ್ಪತ್ರೆಯ ದೀಪ ಆರಲಿಲ್ಲ, ನಾನೂ ಮಲಗಲಿಲ್ಲ" ಅಂತ, ಅಲ್ಲಿ ನಾನು ಹಾಡು ನಿಲ್ಲಿಸಿ ಮತ್ತೆ ಹಿಂದಕ್ಕೆ ಹಾಕಿ ಕೇಳಿದೆ. ಅವತ್ತು ರಾತ್ರಿ ಆಸ್ಪತ್ರೆಯಲ್ಲಿ ಯಾರಿದ್ದರು, ನೀವು ಏನು ಬೇಡಿಕೊಂಡಿರಿ, ಬೆಳಗ್ಗೆ ಏನಾಯಿತು? ನಿಮ್ಮ ಹಾಡು ಇರುವುದು ಅಲ್ಲಿ. ಉಳಿದದ್ದನ್ನು ಧೈರ್ಯವಾಗಿ ಹೊಡೆದುಹಾಕಿ, ಆ ಸಾಲಿನಿಂದಲೇ ಶುರುಮಾಡಿ.

ಜಾನ್ ನ್ಯೂಟನ್ ಅವರನ್ನು ನೆನೆಸಿಕೊಳ್ಳಿ. ಗುಲಾಮರನ್ನು ಸಾಗಿಸುವ ಹಡಗಿನ ಕಪ್ತಾನರಾಗಿದ್ದವರು, ಆಮೇಲೆ ಪಾದ್ರಿಯಾದರು. 1773ರ ಹೊಸ ವರ್ಷದ ಪ್ರಸಂಗದ ಜೊತೆಗೆಂದು "ಅಮೇಜಿಂಗ್ ಗ್ರೇಸ್" ಬರೆದರು. ಅದರಲ್ಲಿ "ನೀವು ಪಾಪಿಗಳು" ಅನ್ನುವ ಮಾತೇ ಇಲ್ಲ. ಕಳೆದುಹೋಗಿದ್ದವನು ನಾನು, ಕುರುಡನಾಗಿದ್ದವನು ನಾನು, ಎಲ್ಲ ಅವರ ಸ್ವಂತ ಲೆಕ್ಕವೇ. ಬಿರುಗಾಳಿಗೆ ಸಿಕ್ಕ ಹಡಗಿನಲ್ಲಿ ಅವರು ದೇವರನ್ನು ಕೂಗಿಕೊಂಡಿದ್ದು 1748ರಲ್ಲಿ. ಅದಾದ ಮೇಲೂ ಕೆಲವು ವರ್ಷ ಅದೇ ವ್ಯಾಪಾರದಲ್ಲಿದ್ದರು, ಅದರ ವಿರುದ್ಧ ಬಹಿರಂಗವಾಗಿ ಪುಸ್ತಿಕೆ ಬರೆದಿದ್ದು 1788ರಲ್ಲಿ. ಅಂದರೆ ಹಾಡು ಬರೆಯುವ ಹೊತ್ತಿಗೆ ಅವರೊಳಗೆ ಕೆಲಸ ಇನ್ನೂ ನಡೀತಾ ಇತ್ತು. ಪೂರ್ತಿ ಸರಿಯಾದ ಮೇಲೆ ಬರೆಯೋಣ ಅಂತ ಕಾದಿದ್ದರೆ ನಮಗೆ ಆ ಹಾಡು ಸಿಗುತ್ತಿರಲಿಲ್ಲ. ನೀವೂ ಕಾಯಬೇಡಿ.

ಇನ್ನೊಂದು ಮಾತು. ಈ ಹಾಡು ಯಾರು ಹಾಡಲಿಕ್ಕೆ? ನೀವೊಬ್ಬರೇ ಹಾಡಿ ಜನ ಕೇಳುವುದಾದರೆ ಟ್ಯೂನ್ ಎಲ್ಲಿಗೆ ಬೇಕಾದರೂ ಹೋಗಲಿ. ಸಭೆಯೇ, ಅಂದರೆ ಚರ್ಚಿಗೆ ಬಂದವರೆಲ್ಲ ಸೇರಿ, ಹಾಡಬೇಕು ಅಂದರೆ ಲೆಕ್ಕ ಬೇರೆ. ಒಮ್ಮೆ ನಾನು ಹೊಸ ಹಾಡೊಂದನ್ನು ನನ್ನ ಗಂಟಲಿಗೆ ಹೊಂದುವ ಶ್ರುತಿಯಲ್ಲೇ ಎತ್ತಿಕೊಂಡೆ, ಕೊನೆಯ ಪಲ್ಲವಿಯಲ್ಲಿ ಇನ್ನೂ ಒಂದು ಸ್ವರ ಏರಿಸಿದೆ. ಮುಂದಿನ ಸಾಲಿನಲ್ಲಿ ಕೂತಿದ್ದ ಅಜ್ಜಿಯೊಬ್ಬರು ಎರಡು ಸಾಲು ಪ್ರಯತ್ನಪಟ್ಟು, ಪುಸ್ತಕ ಮುಚ್ಚಿ ಮಡಿಲಲ್ಲಿಟ್ಟುಕೊಂಡರು. ಹಾಡು ಮುಗಿಯುವ ತನಕ ಅದನ್ನು ತೆರೆಯಲಿಲ್ಲ. ಆ ಮುಚ್ಚಿದ ಪುಸ್ತಕ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಅವರ ಬಾಯಿಂದ ಹಾಡನ್ನು ಕಿತ್ತುಕೊಂಡವಳು ನಾನೇ. ಈಗ ಸಭೆಯ ಹಾಡನ್ನು ಕೆಳಗಿನ ಸಿ ಸ್ವರದಿಂದ ಮೇಲಿನ ಡಿ ಸ್ವರದ ಒಳಗೇ ಇಡುತ್ತೇನೆ. ಅದರಾಚೆಗೆ ಹೋದರೆ ಹಾಡು ಬಾರದ ಸಾಮಾನ್ಯ ಜನ ಸುಮ್ಮನಾಗಿಬಿಡುತ್ತಾರೆ.

ಪ್ರಶ್ನೆ: ನಮ್ಮ ಸಭೆಯ ಹಿರಿಯರು ಡ್ರಮ್ಸ್, ಎಲೆಕ್ಟ್ರಿಕ್ ಗಿಟಾರ್ ಎಲ್ಲ ಲೋಕದ ಸಂಗೀತ, ಆರ್ಗನ್ ಒಂದೇ ಸಾಕು ಅನ್ನುತ್ತಾರೆ. ನಾವು ಹುಡುಗರು ಏನು ಹೇಳಬೇಕು?

ಉತ್ತರ: ಮೊದಲು ನಿಮಗಾಗಿ ಒಂದಿಷ್ಟು ಇತಿಹಾಸ. ಬೈಬಲಿನ ಕೀರ್ತನೆ 150ರಲ್ಲಿ ಕೊಂಬು, ಕಿನ್ನರಿ, ದಮ್ಮಡಿ, ಕೊಳಲು, ತಾಳ ಎಲ್ಲ ಇವೆ. ಹಿರಿಯರು ಪವಿತ್ರ ಅನ್ನುವ ಆರ್ಗನ್ನನ್ನೇ 1520ರ ದಶಕದಲ್ಲಿ ಸ್ವಿಟ್ಜರ್ಲೆಂಡಿನ ಜೂರಿಕ್ ನಗರದ ಚರ್ಚುಗಳಿಂದ ಕಿತ್ತುಹಾಕಿದರು. ಅದರ ಹಿಂದಿದ್ದ ಸುಧಾರಕ ಜ್ವಿಂಗ್ಲಿ ಸ್ವತಃ ಒಳ್ಳೆಯ ಸಂಗೀತಗಾರ, ಹಲವು ವಾದ್ಯ ನುಡಿಸುತ್ತಿದ್ದವರು. ಶುಭ ಶುಕ್ರವಾರ ಕಣ್ಣೀರಿನಿಂದ ಹಾಡುವ ಒಂದು ಹಳೆಯ ಧಾಟಿ ಇದೆ, ಜರ್ಮನಿಯ ಸಂಗೀತಗಾರ ಬಾಖ್ ಅದನ್ನು ಯೇಸುವಿನ ಶ್ರಮೆ ಮರಣದ ಕಥೆ ಹಾಡುವ ತಮ್ಮ ಮತ್ತಾಯನ ಯಾತನಾಗೀತೆಯಲ್ಲಿ ಮತ್ತೆ ಮತ್ತೆ ಬಳಸಿದ್ದಾರೆ. ಅದು ಹುಟ್ಟಿದ್ದು 1601ರಲ್ಲಿ ಹಾನ್ಸ್ ಲಿಯೋ ಹಾಸ್ಲರ್ ಅನ್ನುವ ಸಂಗೀತಗಾರ ಅಚ್ಚುಹಾಕಿಸಿದ ಪ್ರೇಮಗೀತೆಯಾಗಿ. ಇನ್ನು "ಸೈಲೆಂಟ್ ನೈಟ್" ಮೊದಲ ಸಲ ಕೇಳಿದ್ದು 1818ರ ಕ್ರಿಸ್‌ಮಸ್ ಹಿಂದಿನ ಸಂಜೆ, ಆಸ್ಟ್ರಿಯಾದ ಓಬರ್ನ್‌ಡಾರ್ಫ್‌ನಲ್ಲಿ, ಎರಡು ದನಿ ಮತ್ತು ಒಂದು ಗಿಟಾರಿನಲ್ಲಿ.

ಇದನ್ನೆಲ್ಲ ಹಿರಿಯರ ಮುಂದೆ ವಾದ ಗೆಲ್ಲಲಿಕ್ಕೆ ಮಾತ್ರ ಬಳಸಬೇಡಿ. ಅವರ ಮಾತಿನಲ್ಲಿ ಒಂದು ಸತ್ಯ ಇದೆ. ಡ್ರಮ್ಸ್ ಸದ್ದಿನಲ್ಲಿ ಅವರಿಗೆ ತಮ್ಮದೇ ದನಿ ಕೇಳಿಸುವುದಿಲ್ಲ. ದನಿ ಕೇಳಿಸದಿದ್ದರೆ ಮನುಷ್ಯ ಹಾಡುವುದು ಬಿಡುತ್ತಾನೆ, ನೋಡುತ್ತಾ ನಿಲ್ಲುತ್ತಾನೆ. ಒಂದು ಭಾನುವಾರ ನೀವೇ ಹಿಂದಿನ ಬೆಂಚಿನಲ್ಲಿ ಕೂತು ಕೇಳಿ ನೋಡಿ. ಆಮೇಲೆ ಒಬ್ಬ ಹಿರಿಯರ ಮನೆಗೆ ಹೋಗಿ, ಅವರ ಅಪ್ಪ ಅಮ್ಮನನ್ನು ಮಣ್ಣು ಮಾಡುವಾಗ ಯಾವ ಹಾಡು ಹಾಡಿದರು ಅಂತ ಕೇಳಿ. ಆ ಹಾಡನ್ನು ಕಲಿತು, ಮುಂದಿನ ವಾರ ಗಿಟಾರಿನಲ್ಲಿ ಮೆಲ್ಲಗೆ ನುಡಿಸಿ. ಹೊಸ ಹಾಡಿನ ಮಾತು ಅದಾದ ಮೇಲೆ ಎತ್ತಿ.

ಪ್ರಶ್ನೆ: ಮೇಡಂ, ಇಂಗ್ಲಿಷ್ ಸ್ತುತಿಗೀತೆಗಳನ್ನು ಕನ್ನಡಕ್ಕೆ ತರುತ್ತಿದ್ದೇನೆ. ಅಕ್ಷರ ಎಣಿಸಿ ಸರಿಯಾಗೇ ಕೂರಿಸುತ್ತೇನೆ. ಆದರೂ ಹಾಡಿದಾಗ ಏನೋ ಕುಂಟುತ್ತದೆ, ಯಾಕೆ?

ಉತ್ತರ: ಅಕ್ಷರ ಎಣಿಸಿದ್ದಕ್ಕೇ! ಕನ್ನಡದಲ್ಲಿ ಎಣಿಸಬೇಕಾದ್ದು ಮಾತ್ರೆ, ಅಂದರೆ ಅಕ್ಷರ ಹೇಳಲು ಹಿಡಿಯುವ ಕಾಲ: ಹ್ರಸ್ವಕ್ಕೆ ಒಂದು, ದೀರ್ಘಕ್ಕೆ ಎರಡು. ನೀವು ಕಳಿಸಿದ ಪಲ್ಲವಿಯಲ್ಲಿ "ನಿನ್ನ ಬಲ ಸಾಕು" ಅಂತಿದೆ. ಟ್ಯೂನ್ ಆ "ಬ" ಅಕ್ಷರವನ್ನು ಎರಡು ತಾಳ ಎಳೆಯುತ್ತದೆ. ಹಾಡಿದಾಗ ಅದು "ಬಾಲ" ಆಗುತ್ತದೆ. ಇನ್ನೊಂದು ಕಡೆ "ಮನ" ಹೋಗಿ "ಮಾನ" ಆಗಿದೆ. ಇಂಗ್ಲಿಷಿನಲ್ಲಿ ಸ್ವರ ಎಳೆದರೂ ಪದ ಬದಲಾಗುವುದು ಕಡಿಮೆ, ನಮ್ಮಲ್ಲಿ ಪದವೇ ಬೇರೆಯಾಗಿಬಿಡುತ್ತದೆ. ದೇವರ ಬಲದ ಬಗ್ಗೆ ಅಷ್ಟು ಪ್ರೀತಿಯಿಂದ ಬರೆದದ್ದು ಕೇಳುವವರ ಕಿವಿಯಲ್ಲಿ ಹಾಳಾಗಬಾರದು ಅಲ್ವಾ? ಎಳೆಯುವ ಜಾಗಕ್ಕೆ ದೀರ್ಘ ಇರುವ ಪದವನ್ನೇ ಹುಡುಕಿ. "ಪ್ರೀತಿ", "ಜೀವ", "ನಾಥ", "ದೇವಾ" ಇಂಥವು ಆರಾಮಾಗಿ ನಿಲ್ಲುತ್ತವೆ.

ಕುಂಟುವುದಕ್ಕೆ ಎರಡನೇ ಕಾರಣ ಒತ್ತು. ಕನ್ನಡದ ಪದ ಸಾಮಾನ್ಯವಾಗಿ ಮೊದಲ ಅಕ್ಷರದಲ್ಲೇ ಗಟ್ಟಿಯಾಗಿ ಕಾಲೂರುತ್ತದೆ. ಇಂಗ್ಲಿಷ್ ಸ್ತುತಿಗೀತೆಗಳಲ್ಲಿ ಎಷ್ಟೋ ಸಾಲುಗಳು ತಾಳ ಬೀಳುವ ಮುಂಚೆ ಒಂದು ಸಣ್ಣ ಅಕ್ಷರದಿಂದ ಶುರುವಾಗುತ್ತವೆ. "ಅಮೇಜಿಂಗ್" ಅನ್ನುವಾಗ "ಅ" ಹಗುರ, ತಾಳ ಬೀಳುವುದು "ಮೇ" ಮೇಲೆ. ಆ ಹಗುರವಾದ ಜಾಗದಲ್ಲಿ ಕನ್ನಡ ಪದದ ತಲೆಯನ್ನು ಇಟ್ಟರೆ ತಲೆಯೇ ಕಾಣಿಸುವುದಿಲ್ಲ. ಆ ಜಾಗಕ್ಕೆ "ಓ", "ಈ", "ಆ" ಹಾಕಿ ನೋಡಿ, ಮುಖ್ಯ ಪದ ತಾಳದ ಮೇಲೆ ಬೀಳಲಿ.

ಟ್ಯೂನ್ ಬಗ್ಗಲೇ ಇಲ್ಲ ಅಂದರೆ ಬಿಡಿ, ಬೇರೆ ಧಾಟಿ ಹಾಕಿ. ನ್ಯೂಟನ್ ಅವರ ಸಾಲುಗಳು ಇವತ್ತು ನಾವು ಕೇಳುವ ಟ್ಯೂನಿಗೆ ಕೂಡಿದ್ದೇ 1835ರಲ್ಲಿ, ಬರೆದು ಅರವತ್ತು ವರ್ಷಕ್ಕೂ ಮೇಲೆ. 8, 6, 8, 6 ಅಕ್ಷರದ ಅಳತೆಗೆ ಹೊಂದುವ ಯಾವ ಧಾಟಿಯಲ್ಲಾದರೂ ಅದನ್ನು ಹಾಡಬಹುದಿತ್ತು. ಮಾತು ಮತ್ತು ಧಾಟಿ ಒಟ್ಟಿಗೇ ಹುಟ್ಟಬೇಕು ಅಂತೇನೂ ಇಲ್ಲ.

ಪ್ರಶ್ನೆ: ದೇವರ ಹಾಡಿಗೆ ಹಣ ತಗೋಬಹುದಾ? ಕಾರ್ಯಕ್ರಮಕ್ಕೆ ಕರೆದವರನ್ನು ಸಂಭಾವನೆ ಕೇಳಿದರೆ ಮುಖ ಸಣ್ಣದು ಮಾಡಿಕೊಳ್ಳುತ್ತಾರೆ.

ಉತ್ತರ: ತಗೋಬಹುದು. ದುಡಿದವನಿಗೆ ಕೂಲಿ ಸಲ್ಲಬೇಕು ಅಂತ ಯೇಸುವೇ ಹೇಳಿದ್ದಾರೆ, ಲೂಕ 10ರಲ್ಲಿ. ಬಾಖ್ ತಮ್ಮ ಚರ್ಚ್ ಸಂಗೀತದ ಹಸ್ತಪ್ರತಿಗಳ ಕೊನೆಗೆ "ಎಸ್.ಡಿ.ಜಿ." ಅಂತ ಬರೆಯುತ್ತಿದ್ದರು, ಮಹಿಮೆ ದೇವರೊಬ್ಬನಿಗೇ ಅಂತ ಅದರ ಅರ್ಥ. ಅದೇ ಬಾಖ್ 1730ರಲ್ಲಿ ಗೆಳೆಯನಿಗೆ ಬರೆದ ಪತ್ರದಲ್ಲಿ, ಊರಿನ ಹವೆ ಚೆನ್ನಾಗಿದ್ದರಿಂದ ಶವಸಂಸ್ಕಾರಗಳು ಕಡಿಮೆಯಾಗಿ, ಅವುಗಳ ಸಂಗೀತಕ್ಕೆ ಸಿಗುತ್ತಿದ್ದ ತನ್ನ ವರಮಾನ ತಗ್ಗಿತು ಅಂತ ಕಷ್ಟ ಹೇಳಿಕೊಂಡಿದ್ದಾರೆ. ಮನೆ ತುಂಬಾ ಮಕ್ಕಳಿದ್ದ ಮನುಷ್ಯ ಅವರು. ಅಕ್ಕಿಯ ಲೆಕ್ಕ, ದೇವರ ಮಹಿಮೆ ಎರಡೂ ಒಂದೇ ತಲೆಯಲ್ಲಿ ಇರಬಹುದು, ಅದರಲ್ಲಿ ನಾಚಿಕೆ ಏನೂ ಇಲ್ಲ.

ಕೊಡುವವರಾಗಿಯೂ ಇರಿ. ಸಂಗೀತಗಾರ ಹ್ಯಾಂಡೆಲ್ 24 ದಿನದಲ್ಲಿ ಬರೆದ ದೊಡ್ಡ ಗಾಯನ ಕೃತಿ "ಮೆಸ್ಸಾಯ" 1742ರ ಏಪ್ರಿಲ್ 13ರಂದು ಡಬ್ಲಿನ್‌ನಲ್ಲಿ ಮೊದಲ ಪ್ರದರ್ಶನ ಕಂಡಿತು. ಆ ಹಣ ಆಸ್ಪತ್ರೆಗಳಿಗೂ ಸಾಲ ತೀರಿಸಲಾಗದೆ ಜೈಲಿನಲ್ಲಿದ್ದವರಿಗೂ ಹೋಯಿತು. 142 ಜನ ಬಿಡುಗಡೆಯಾದರು. ನಿಮ್ಮ ಸಂಭಾವನೆಯನ್ನು ಮೊದಲೇ, ಸ್ಪಷ್ಟವಾಗಿ, ಬರವಣಿಗೆಯಲ್ಲಿ ಹೇಳಿ. ಉಚಿತವಾಗಿ ಹಾಡುವ ಜಾಗ ಯಾವುದು ಅನ್ನೋದನ್ನೂ ನೀವೇ ನಿರ್ಧರಿಸಿ, ಬೇರೆಯವರ ಮುಖ ನೋಡಿಕೊಂಡು ಬೇಡ.

ಪ್ರಶ್ನೆ: ಬೇರೆಯವರ ಹೊಸ ಆರಾಧನಾ ಗೀತೆಯನ್ನು ಕನ್ನಡ ಮಾಡಿ ಯೂಟ್ಯೂಬಿಗೆ ಹಾಕಬಹುದೇ? ಸುವಾರ್ತೆಗೆ ತಾನೇ?

ಉತ್ತರ: ಅನುಮತಿ ಇಲ್ಲದೆ ಬೇಡ. ಅನುವಾದಕ್ಕೂ ಮೂಲದವರ ಒಪ್ಪಿಗೆ ಬೇಕು. ಅವರ ಟ್ರ್ಯಾಕನ್ನೇ ಬಳಸುವುದಾದರೆ ಧ್ವನಿಮುದ್ರಣದ ಹಕ್ಕು ಇನ್ನೂ ಬೇರೆ. ನೂರಾರು ವರ್ಷ ಹಳೆಯ ಹಾಡಾದರೆ ಮಾತು, ಧಾಟಿ ಎರಡೂ ಎಲ್ಲರದ್ದು, ಆದರೆ ಅದಕ್ಕೆ ಇತ್ತೀಚೆಗೆ ಯಾರಾದರೂ ಮಾಡಿದ ವಾದ್ಯ ಸಂಯೋಜನೆ ಅವರದ್ದೇ. ಪ್ರಕಾಶಕರಿಗೆ ಒಂದು ಇಮೇಲ್ ಬರೆದು ಕೇಳಿ. ಸುವಾರ್ತೆ ಅನ್ನುವ ಕಾರಣಕ್ಕೇ ಇಲ್ಲಿ ನಾವು ಇನ್ನೂ ಜಾಸ್ತಿ ಪ್ರಾಮಾಣಿಕರಾಗಿರಬೇಕು.

ಪ್ರಶ್ನೆ: ಹೆಸರು ಹಾಕಬೇಡಿ ಅಕ್ಕಾ. ಎಂಟು ವರ್ಷದಿಂದ ನಮ್ಮ ಸಭೆಯಲ್ಲಿ ಹಾಡಿಸುತ್ತಿದ್ದೇನೆ. ಆರು ತಿಂಗಳ ಹಿಂದೆ ಅಮ್ಮ ಹೋದರು. ಅಂದಿನಿಂದ "ಆನಂದ, ಆನಂದ" ಅಂತ ಹಾಡುವಾಗ ನಾನು ಸುಳ್ಳು ಹೇಳುತ್ತಿದ್ದೇನೆ ಅನ್ನಿಸುತ್ತದೆ. ಒಳಗೆ ಏನೂ ಇಲ್ಲ. ಬಿಟ್ಟುಬಿಡಲೇ?

ಉತ್ತರ: ತಂಗೀ, ನಿನ್ನ ಪತ್ರ ಓದಿ ತುಂಬಾ ಹೊತ್ತು ಸುಮ್ಮನೆ ಕೂತಿದ್ದೆ.

ನಿನಗೆ ಥಾಮಸ್ ಡಾರ್ಸಿ ಅವರ ಬಗ್ಗೆ ಹೇಳಬೇಕು. ಅಮೆರಿಕದ ಕಪ್ಪು ಜನರ ಲೌಕಿಕ ಸಂಗೀತವಾದ ಬ್ಲೂಸಿನಲ್ಲಿ ಪಿಯಾನೋ ನುಡಿಸಿ ಹೆಸರು ಮಾಡಿದವರು, ಆಮೇಲೆ ಅದೇ ಲಯವನ್ನು ಚರ್ಚಿಗೆ ತಂದರು. ಮೊದಮೊದಲು ಷಿಕಾಗೋದ ಎಷ್ಟೋ ಚರ್ಚುಗಳು ಅವರನ್ನು ಒಳಗೆ ಸೇರಿಸಲಿಲ್ಲ. 1932ರಲ್ಲಿ ಅವರು ಬೇರೆ ಊರಿನ ಕೂಟದಲ್ಲಿ ಹಾಡಲು ಹೋಗಿದ್ದಾಗ ಟೆಲಿಗ್ರಾಮ್ ಬಂತು. ಹೆರಿಗೆಯಲ್ಲಿ ಹೆಂಡತಿ ನೆಟ್ಟಿ ತೀರಿಹೋಗಿದ್ದರು. ಸ್ವಲ್ಪದರಲ್ಲೇ ಮಗುವೂ ಹೋಯಿತು. ಆ ದುಃಖದಲ್ಲಿ ಒಂದು ಹಳೆಯ ಧಾಟಿಯ ಮೇಲೆ ಅವರು ಕಟ್ಟಿದ ಹಾಡು "ಪ್ರೆಷಿಯಸ್ ಲಾರ್ಡ್". ಅದರಲ್ಲಿ ಆನಂದದ ಮಾತಿಲ್ಲ. ದಣಿದಿದ್ದೇನೆ, ಬಲ ಇಲ್ಲ, ಕೈ ಹಿಡಿ, ಅಷ್ಟೇ. 1968ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಅವರ ಅಂತ್ಯಕ್ರಿಯೆಯಲ್ಲಿ ಗಾಯಕಿ ಮಹೇಲಿಯಾ ಜಾಕ್ಸನ್ ಹಾಡಿದ್ದು ಅದನ್ನೇ.

ಕೀರ್ತನೆ 88 ಓದು. ಕತ್ತಲಲ್ಲೇ ಶುರು, ಕತ್ತಲಲ್ಲೇ ಕೊನೆ. ಸಮಾಧಾನದ ಒಂದು ಸಾಲೂ ಕೊನೆಗೆ ಅಂಟಿಸಿಲ್ಲ. ಆದರೂ ಅದು ಹಾಡಿನ ಪುಸ್ತಕದೊಳಗೇ ಇದೆ, ಗಾಯಕರು ಹಾಡಲಿಕ್ಕೆಂದೇ ಇದೆ. ನಿನ್ನ ಒಳಗೆ ಏನೂ ಇಲ್ಲ ಅನ್ನಿಸುವ ಈ ಹೊತ್ತಿಗೂ ಹಾಡು ಇದೆ, ಅದನ್ನು ಹಾಡಿದರೆ ಸುಳ್ಳಾಗುವುದಿಲ್ಲ. ನಿನ್ನ ಸಭೆಯಲ್ಲಿ ಆವತ್ತಿಗೆ ಅಂಥ ಹಾಡು ಬೇಕಾಗಿರುವವರು ನೀನೊಬ್ಬಳೇ ಇರಲಿಕ್ಕಿಲ್ಲ.

ಬಿಡಬೇಡ, ಆದರೆ ಸ್ವಲ್ಪ ಇಳಿದು ಕೂರು. ಪಾಸ್ಟರಿಗೆ ಇದ್ದದ್ದು ಇದ್ದ ಹಾಗೆ ಹೇಳು. ಒಂದೆರಡು ತಿಂಗಳು ಬೇರೆಯವರು ಹಾಡಿಸಲಿ. ನೀನು ಅಮ್ಮ ಕೂರುತ್ತಿದ್ದ ಜಾಗದಲ್ಲೇ ಕೂತುಕೋ. ಹಾಡಲಿಕ್ಕೆ ಬಾಯಿ ಬಾರದಿದ್ದರೆ ಪುಸ್ತಕ ಮಡಿಲಲ್ಲಿರಲಿ, ಪಕ್ಕದವರು ನಿನ್ನ ಪಾಲಿನದನ್ನೂ ಹಾಡುತ್ತಾರೆ.