ತಾರಸಿ ತೋಟ: ಬುಡದಲ್ಲೇ ಬೀಳುವ ಪೈನ್ ಸಸಿಗಳು

ಪ್ರಶ್ನೆ: ಮೇಡಂ, ಜಪಾನೀಸ್ ಬ್ಲ್ಯಾಕ್ ಪೈನ್ ಬೋನ್ಸಾಯ್ ಮಾಡೋಣ ಅಂತ ಆನ್‌ಲೈನ್‌ನಲ್ಲಿ ಬೀಜ ತರಿಸಿದೆ. ಕೆಮ್ಮಣ್ಣು, ಗೊಬ್ಬರ, ಕೊಕೊಪೀಟ್ ಸೇರಿಸಿ ಬಿತ್ತಿದೆ. ಕೆಲವೇ ಮೊಳೆತವು. ಬೆಳಿಗ್ಗೆ, ಸಂಜೆ ತಪ್ಪದೆ ನೀರು ಹಾಕುತ್ತಿದ್ದೆ. ಆದರೂ ಬುಡ ಸಣ್ಣಗಾಗಿ ಒಂದೊಂದೇ ಅಡ್ಡ ಬಿದ್ದವು. ಬೆಂಗಳೂರಿನ ಬಿಸಿಲು ಇದಕ್ಕೆ ಆಗೋದಿಲ್ವಾ?
– ಓದುಗರು, ಬಸವನಗುಡಿ

ಉತ್ತರ: ಪಾಪ, ಬಿಸಿಲನ್ನು ಬೈಯಬೇಡಿ. ನಿಮ್ಮ ಸಸಿಗಳು ಬಿದ್ದಿದ್ದು ನೀರಿನಿಂದ. ಇದು ಸಸಿ ಕೊಳೆ ರೋಗ. ಮಣ್ಣು ಸದಾ ಒದ್ದೆ ಇದ್ದರೆ ಶಿಲೀಂಧ್ರ ಬೆಳೆದು ಎಳೆ ಕಾಂಡವನ್ನು ನೆಲಮಟ್ಟದಲ್ಲೇ ತಿಂದುಹಾಕುತ್ತದೆ. ಬಿದ್ದ ಮೇಲೆ ಯಾವ ಔಷಧಿಯೂ ಎಬ್ಬಿಸುವುದಿಲ್ಲ.

ಈ ಮರದ ತವರು ಜಪಾನ್ ಮತ್ತು ದಕ್ಷಿಣ ಕೊರಿಯಾದ ಕಡಲತೀರ. ಅಲ್ಲಿ ಮರಳಿನಲ್ಲಿ, ಬಂಡೆ ಸಂದಿಯಲ್ಲಿ, ಉಪ್ಪುಗಾಳಿಗೆ ಮೈಯೊಡ್ಡಿ ನಿಲ್ಲುತ್ತದೆ. ಪೂರ್ತಿ ಬಿಸಿಲು ಬೇಕೇ ಬೇಕು. ಬೇಡವಾದದ್ದು ಬೇರಿನ ಸುತ್ತ ನಿಂತ ನೀರು. ನಮ್ಮ ಕೆಮ್ಮಣ್ಣು ನೀರು ಬಿದ್ದರೆ ಕಚ್ಚಿಕೊಳ್ಳುತ್ತದೆ, ಕೊಕೊಪೀಟ್ ನೀರು ಬಿಡುವುದೇ ಇಲ್ಲ. ಎರಡನ್ನೂ ಸೇರಿಸಿದರೆ ಬೇರಿಗೆ ಉಸಿರಾಡಲು ಜಾಗವೆಲ್ಲಿ?

ಮುಂದಿನ ಸಲ ಹೀಗೆ ಮಾಡಿ. ಮೊದಲು ಬೀಜವನ್ನು ಒಂದು ದಿನ ನೀರಲ್ಲಿ ನೆನೆಸಿ. ಆಮೇಲೂ ತೇಲುವವು ಹೆಚ್ಚಾಗಿ ಜೊಳ್ಳು, ತೆಗೆದುಬಿಡಿ. ಮುಳುಗಿದವನ್ನು ಒದ್ದೆ ಮರಳಲ್ಲಿ ಬೆರೆಸಿ, ಜಿಪ್ ಕವರಿನಲ್ಲಿ ಹಾಕಿ ಫ್ರಿಜ್‌ನ ತರಕಾರಿ ಡಬ್ಬಿಯಲ್ಲಿ ನಾಲ್ಕರಿಂದ ಎಂಟು ವಾರ ಇಡಿ. ಫ್ರೀಜರ್ ಬೇಡ. ಅದರ ತವರಿನ ಚಳಿಗಾಲವನ್ನು ನಾವು ಇಲ್ಲಿ ಹೀಗೆ ಕೊಡಬೇಕು. ಚಳಿ ಕಂಡ ಬೀಜಗಳು ಹೆಚ್ಚು ಕಡಿಮೆ ಒಟ್ಟಿಗೇ ಮೊಳೆಯುತ್ತವೆ. ಕವರ್ ಮೇಲೆ ಹೆಸರು ಬರೆಯುವುದನ್ನು ಮರೆಯಬೇಡಿ. ನಮ್ಮ ಅತ್ತೆಯವರು ಒಮ್ಮೆ "ಇದೇನೇ ಬೂಸ್ಟು ಹಿಡಿದಿದ್ದು" ಅಂತ ಕಸಕ್ಕೆ ಹಾಕಲು ಹೊರಟಿದ್ದರು.

ದಸರಾ ಹೊತ್ತಿಗೆ ಫ್ರಿಜ್‌ಗೆ ಇಟ್ಟರೆ ಡಿಸೆಂಬರ್‌ನಲ್ಲಿ ಬಿತ್ತಬಹುದು. ಆಗ ಇಲ್ಲಿ ಮಳೆ ಮುಗಿದಿರುತ್ತದೆ, ಹವೆ ತಂಪು. ಮುಂದಿನ ಮಳೆಗಾಲದ ಹೊತ್ತಿಗೆ ಕಾಂಡ ಗಟ್ಟಿಯಾಗಿರುತ್ತದೆ. ಮಣ್ಣಿನ ಬದಲು ದಪ್ಪ ಮರಳು ಮತ್ತು ಇಟ್ಟಿಗೆ ಚೂರು ಸಾಕು. ಎರಡನ್ನೂ ಟೀ ಸೋಸುವ ಜರಡಿಯಲ್ಲಿ ಆಡಿಸಿ, ಕೆಳಗೆ ಬಿದ್ದ ಧೂಳನ್ನೆಲ್ಲ ಎಸೆದು, ಉಳಿದದ್ದನ್ನು ತೊಳೆಯಿರಿ. ಎಂ-ಸ್ಯಾಂಡ್ ಆದರೂ ನಡೆಯುತ್ತದೆ, ಆದರೆ ಅದರಲ್ಲಿ ಪುಡಿ ಜಾಸ್ತಿ, ಇನ್ನೂ ಚೆನ್ನಾಗಿ ತೊಳೆಯಬೇಕು. ಗೊಬ್ಬರ ಈಗ ಬೇಡವೇ ಬೇಡ. ಮೇಲ್ಪದರ ಒಣಗಿದೆಯಾ ಅಂತ ಬೆರಳಲ್ಲಿ ಮುಟ್ಟಿ ನೋಡಿ ನೀರು ಹಾಕಿ, ಗಡಿಯಾರ ನೋಡಿ ಅಲ್ಲ. ಬಿತ್ತುವಾಗಲೇ ಟ್ರೈಕೋಡರ್ಮಾ (ರೋಗದ ಶಿಲೀಂಧ್ರವನ್ನು ತಡೆಯುವ ಒಳ್ಳೆಯ ಶಿಲೀಂಧ್ರ) ಹಾಕಿದರೆ ಒಳ್ಳೆಯದು.

ಮೊಳಕೆ ತಲೆಯ ಮೇಲೆ ಬೀಜದ ಸಿಪ್ಪೆಯನ್ನು ಟೋಪಿಯಂತೆ ಹೊತ್ತು ಏಳುತ್ತದೆ. ನೋಡಲು ಮುದ್ದಾಗಿರುತ್ತದೆ, ಕೈಯಿಂದ ಕೀಳಬೇಡಿ, ಎಲೆಯೂ ಕಿತ್ತು ಬರುತ್ತದೆ. ಅಳಿಲು, ಪಾರಿವಾಳಕ್ಕೂ ಆ ಟೋಪಿಯ ಮೇಲೇ ಕಣ್ಣು. ಮೇಲೊಂದು ಬಲೆ ಕಟ್ಟಿ.

ಇನ್ನೊಂದು ಮಾತು. ಹೊರದೇಶದಿಂದ ಬೀಜ ತರಿಸಲು ಆಮದು ಪರವಾನಗಿ, ಸಸ್ಯ ಆರೋಗ್ಯ ಪ್ರಮಾಣಪತ್ರ ಎರಡೂ ಬೇಕು. ಪೊಟ್ಟಣದ ಮೇಲೆ ನೀಲಿ ಬಣ್ಣದ, ಕೆಂಪು ಬಣ್ಣದ ಪೈನ್ ಚಿತ್ರ ಹಾಕಿ "ಬೋನ್ಸಾಯ್ ಬೀಜ" ಅಂತ ಮಾರುವವರಿಂದ ದೂರ ಇರಿ. ಬೋನ್ಸಾಯ್‌ಗೆ ಅಂತ ಬೇರೆ ಬೀಜ ಇಲ್ಲ. ಕಾಡಿನಲ್ಲಿ ದೊಡ್ಡ ಮರವಾಗುವ ಬೀಜವೇ ಅದು.

ಪ್ರಶ್ನೆ: ನನ್ನ ಪೈನ್ ಸಸಿಗಳಿಗೆ ಈಗ ಆರು ವಾರ. ಬೇರನ್ನೇ ಪೂರ್ತಿ ಕತ್ತರಿಸಿ ಮತ್ತೆ ನೆಡಬೇಕು ಅಂತ ಒಬ್ಬರು ಹೇಳಿದರು. ಕೈ ನಡುಗುತ್ತಿದೆ. ನಿಜವಾ?
– ಓದುಗರು, ಯಲಹಂಕ

ಉತ್ತರ: ನಿಜ, ತಮಾಷೆ ಅಲ್ಲ. ಪೈನ್ ಮೊದಲು ಒಂದೇ ತಾಯಿಬೇರನ್ನು ನೇರ ಕೆಳಗೆ ಇಳಿಸುತ್ತದೆ. ಬೋನ್ಸಾಯ್‌ಗೆ ಬೇಕಾದದ್ದು ಬುಡದ ಸುತ್ತ ಎಲ್ಲ ಕಡೆಗೂ ಹರಡಿದ ಬೇರು. ಅದಕ್ಕೇ ಈ ಕತ್ತರಿ.

ಸಸಿ ನೆಟ್ಟಗೆ ನಿಂತು, ಬೀಜದೆಲೆಗಳ (ಬೀಜದಿಂದ ಮೊದಲು ಬರುವ ಎಲೆಗಳು) ನಡುವೆ ಹೊಸ ಸೂಜಿ ಎಲೆ ಇಣುಕುವ ಹೊತ್ತು ಸರಿಯಾದ ಸಮಯ. ಹೊಸ ಬ್ಲೇಡ್ ತೆಗೆದುಕೊಳ್ಳಿ. ಬೀಜದೆಲೆಯಿಂದ ಸುಮಾರು ಎರಡು ಸೆಂಟಿಮೀಟರ್ ಕೆಳಗೆ ಒಂದೇ ಏಟಿಗೆ ಕತ್ತರಿಸಿ. ಎಲೆಯಿರುವ ಮೇಲಿನ ತುಂಡಿನ ಕತ್ತರಿಸಿದ ತುದಿಯನ್ನು ಬೇರು ಬರಿಸುವ ಪುಡಿಯಲ್ಲಿ ಅದ್ದಿ ಒದ್ದೆ ಮರಳಿಗೆ ಇಳಿಸಿ. ನೀರಿನ ಬಾಟಲಿಯ ತಳ ಕತ್ತರಿಸಿ ಮೇಲೆ ಕವುಚಿ, ನೆರಳಲ್ಲಿ ಇಡಿ. ಫೆಬ್ರವರಿಯಲ್ಲಿ ಇಲ್ಲಿನ ಗಾಳಿ ಒಣಗಿರುತ್ತದೆ, ಬಾಟಲಿ ಇಲ್ಲದಿದ್ದರೆ ಬಾಡಿಹೋಗುತ್ತವೆ. ಎಳೆದು ನೋಡುವ ಚಟ ಬೇಡ. ಹೊಸ ಸೂಜಿಗಳು ಉದ್ದವಾದರೆ ಬೇರು ಬಂತು ಅಂತ ಅರ್ಥ.

ಕೆಲವು ಸಾಯುತ್ತವೆ. ಹಾಗಾಗಿ ಕೈಯಲ್ಲಿ ಮೂರೋ ನಾಲ್ಕೋ ಸಸಿ ಇದ್ದರೆ ಈ ಸಾಹಸ ಬೇಡ ಅನ್ನುವುದು ನನ್ನ ಸಲಹೆ. ಮುಂದಿನ ವರ್ಷ ಕುಂಡ ಬದಲಿಸುವಾಗ ತಾಯಿಬೇರನ್ನು ಮೊಟಕು ಮಾಡಿದರೂ ಆಯಿತು.

ಆಮೇಲೆ ಚಪ್ಪಟೆ ಟ್ರೇಗೆ ಹಾಕುವ ಆಸೆ ಬರುತ್ತದೆ, ತಡೆದುಕೊಳ್ಳಿ. ಟ್ರೇಯಲ್ಲಿ ಕಾಂಡ ದಪ್ಪ ಆಗುವುದಿಲ್ಲ. ಅಕ್ಕಿ ತೊಳೆಯುವ ಪ್ಲಾಸ್ಟಿಕ್ ತೂತಿನ ಬುಟ್ಟಿಯಲ್ಲಿ ಬೆಳೆಸಿ. ಬೇರು ತೂತಿನ ಹತ್ತಿರ ಬಂದು ಗಾಳಿಗೆ ತುದಿ ಒಣಗಿ, ಒಳಗೇ ಕವಲೊಡೆಯುತ್ತದೆ. ಎರಡನೇ ವರ್ಷ ಕಾಂಡ ಇನ್ನೂ ಬಾಗುವಾಗಲೇ ತಂತಿ ಸುತ್ತಿ ಬುಡದ ಹತ್ತಿರ ಬಳುಕು ಕೊಡಿ. ಜೂನ್‌ನಲ್ಲಿ ಚಿಗುರು ಕತ್ತರಿಸಿ ಎಲೆ ಗಿಡ್ಡ ಮಾಡುವ ಜಪಾನಿನ ವಿಡಿಯೊಗಳನ್ನು ಸದ್ಯ ಸುಮ್ನೆ ನೋಡಿ, ಅಷ್ಟೇ. ಅದು ಬಲಿತ ಮರಗಳ ವಿದ್ಯೆ. ಬೋರ್‌ವೆಲ್ ನೀರು ಗಡಸಾಗಿದ್ದು ಸೂಜಿ ಹಳದಿಯಾದರೆ, ಮಳೆನೀರು ಹಿಡಿದಿಟ್ಟು ಹಾಕಿ.

ಪ್ರಶ್ನೆ: ನರ್ಸರಿಯಲ್ಲಿ "ಪೈನ್" ಅಂತ ಕೊಟ್ಟರು. ಟಿವಿ ಪಕ್ಕ ಇಟ್ಟು ಬೋನ್ಸಾಯ್ ಮಾಡಬಹುದಾ?
– ಓದುಗರು, ವಿಜಯನಗರ

ಉತ್ತರ: ಎಲೆ ನೋಡಿ. ಬ್ಲ್ಯಾಕ್ ಪೈನ್‌ನಲ್ಲಿ ಎಳೆಯ ಸೂಜಿಗಳು ಬಿಡಿಬಿಡಿ, ಬೆಳೆದ ಮೇಲೆ ಎರಡೆರಡು ಜೋಡಿ. ಕೊಂಬೆಗಳು ಛತ್ರಿ ಕಡ್ಡಿಯ ಹಾಗೆ ಅಂತಸ್ತು ಅಂತಸ್ತಾಗಿದ್ದರೆ ಅದು ಕ್ರಿಸ್ಮಸ್ ಮರ ಅಂತ ಮಾರುವ ಅರಕೇರಿಯಾ. ಬೋನ್ಸಾಯ್‌ಗೆ ಅಷ್ಟು ಒಗ್ಗುವುದಿಲ್ಲ. ಪೈನ್ ಆದರೆ ಮನೆಯೊಳಗೆ ಬೇಡ, ಬಿಸಿಲಿಲ್ಲದೆ ಸೊರಗುತ್ತದೆ. ಪೈನ್‌ನಂಥ ನೋಟವೇ ಬೇಕು, ಬೇಗ ಬೇಕು ಅಂದರೆ ನಮ್ಮ ಸರ್ವೆ ಮರದ ಸಸಿ ತನ್ನಿ. ನಮ್ಮ ಊರಿನ ಹವೆಗೆ ಹೇಳಿ ಮಾಡಿಸಿದ್ದು, ಕತ್ತರಿಸಿದಷ್ಟೂ ಚಿಗುರುತ್ತದೆ. ಅದನ್ನೂ ಬಾಲ್ಕನಿಯಲ್ಲೇ ಇಡಿ.