ಡಾಕ್ಟರ್ ಇರುವಾಗ ಪೇಷೆಂಟ್ ನ್ಯಾವಿಗೇಟರ್ ಯಾಕೆ?

ನೀವು ಕೇಳಿದ್ದು ಇಷ್ಟು: ಚಿಕ್ಕಮ್ಮನ ಸ್ತನದಲ್ಲಿ ಗಂಟು ಕಾಣಿಸಿಕೊಂಡಿದೆ. ‘ಪೇಷೆಂಟ್ ನ್ಯಾವಿಗೇಟರ್ ಫೋನ್ ಮಾಡುತ್ತಾರೆ’ ಎಂದು ಆಸ್ಪತ್ರೆಯವರು ನಂಬರ್ ಬರೆದುಕೊಂಡಿದ್ದಾರೆ. ಇವರು ಯಾರು, ನಮ್ಮ ಕಷ್ಟವನ್ನೆಲ್ಲ ಇವರ ಮುಂದೆ ಯಾಕೆ ಹೇಳಿಕೊಳ್ಳಬೇಕು?

ನಾನು ಇದೇ ಕೆಲಸದಲ್ಲಿದ್ದೇನೆ, ಒಂಬತ್ತು ವರ್ಷವಾಯಿತು. ಮೊದಲು ಒಂದು ಮಾತು: ಗಂಟು ಅಂದರೆ ಕ್ಯಾನ್ಸರೇ ಅಂತಲ್ಲ. ಹೆಚ್ಚಿನವು ಕ್ಯಾನ್ಸರ್ ಆಗಿರುವುದಿಲ್ಲ. ಆದರೆ ಬರೀ ಮುಟ್ಟಿ ನೋಡಿ ಅದನ್ನು ಖಚಿತವಾಗಿ ಹೇಳಲು ಆಗುವುದಿಲ್ಲ. ಸ್ಕ್ಯಾನ್, ಬೇಕಾದರೆ ಬಯಾಪ್ಸಿ (ಗಂಟಿನ ಚೂರು ತೆಗೆದು ಮಾಡುವ ಪರೀಕ್ಷೆ) ಆಗಲೇಬೇಕು. ಜನ ಕೈತಪ್ಪಿ ಹೋಗುವುದು ಇಲ್ಲೇ, ಗಂಟು ತೋರಿಸಿದ ದಿನಕ್ಕೂ ಚಿಕಿತ್ಸೆ ಶುರುವಾಗುವ ದಿನಕ್ಕೂ ನಡುವೆ. ಹಾಗೆ ಹೋಗದಂತೆ ನೋಡಿಕೊಳ್ಳುವುದೇ ನಮ್ಮ ಕೆಲಸ.

ನಾನು ಹೊಸಬಳಾಗಿದ್ದಾಗ ಒಬ್ಬರು ಬಯಾಪ್ಸಿಗೆ ಎರಡು ಸಲ ಬರಲಿಲ್ಲ. ಫೈಲಿನಲ್ಲಿ ‘ರೋಗಿ ಒಪ್ಪುತ್ತಿಲ್ಲ’ ಎಂದು ಬರೆದಿತ್ತು. ನಾನೂ ನಂಬಿದೆ. ಫೋನ್ ಮಾಡಿ ಹತ್ತು ನಿಮಿಷ ಉಪದೇಶ ಮಾಡಿದೆ. ಅವರು ಎಲ್ಲದಕ್ಕೂ ‘ಹ್ಞೂಂ ಮೇಡಂ’ ಎಂದರು. ಮೂರನೇ ಸಲವೂ ಬರಲಿಲ್ಲ. ಆಮೇಲೆ ನಮ್ಮ ಹಿರಿಯರೊಬ್ಬರು ಫೋನ್ ಮಾಡಿದರು. ಬಯಾಪ್ಸಿಯ ಸುದ್ದಿಯೇ ಎತ್ತಲಿಲ್ಲ. ‘ಬೆಳಿಗ್ಗೆ ಎದ್ದರೆ ನಿಮಗೆ ಏನೇನು ಕೆಲಸ ಇರುತ್ತೆ ಅಕ್ಕಾ?’ ಎಂದಷ್ಟೇ ಕೇಳಿದರು. ಆಗ ಗೊತ್ತಾಯಿತು: ಗಂಡ ಹಾಸಿಗೆ ಹಿಡಿದಿದ್ದಾರೆ. ಮಗಳು ಕೆಲಸ ಮುಗಿಸಿ ಬರುವುದು ಮಧ್ಯಾಹ್ನ. ಅಲ್ಲಿಯವರೆಗೆ ಅವರ ಮಗ್ಗುಲು ಬದಲಿಸುವವರು ಬೇರೆ ಯಾರೂ ಇಲ್ಲ. ನಾವು ಮೂರು ಸಲವೂ ಕೊಟ್ಟಿದ್ದು ಬೆಳಿಗ್ಗೆ ಹತ್ತರ ಅಪಾಯಿಂಟ್‌ಮೆಂಟ್! ಅದನ್ನು ಮೂರು ಗಂಟೆಗೆ ಬದಲಾಯಿಸಿದೆವು, ಬಂದರು. ನಾನು ಮಾಡಿದ ಆ ಹತ್ತು ನಿಮಿಷದ ಭಾಷಣ ನೆನಪಾದರೆ ಈಗಲೂ ನಾಚಿಕೆಯಾಗುತ್ತದೆ.

ಕಷ್ಟ ಯಾಕೆ ಹೇಳಬೇಕು ಅಂದಿರಲ್ಲ, ಅದಕ್ಕೇ. ಬಸ್ಸಿಗೆ ದುಡ್ಡಿಲ್ಲ, ಓದಲು ಬರುವುದಿಲ್ಲ, ರಜೆ ಹಾಕಿದರೆ ಕೂಲಿ ಹೋಗುತ್ತದೆ, ಸ್ತನ ತೆಗೆದುಬಿಡುತ್ತಾರೆ ಎಂಬ ಭಯ. ಡಾಕ್ಟರ ಮುಂದೆ ಸಿಗುವ ಐದು ನಿಮಿಷದಲ್ಲಿ ಇದನ್ನೆಲ್ಲ ಯಾರು ಹೇಳುತ್ತಾರೆ?

ಈ ಕೆಲಸ ಹುಟ್ಟಿದ್ದು ಕೂಡ ಇಂಥ ಕಡೆಯೇ. ನ್ಯೂಯಾರ್ಕಿನ ಹಾರ್ಲೆಮ್‌ನ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಾಲ್ಡ್ ಫ್ರೀಮನ್ ಎಂಬ ಸರ್ಜನ್ 1990ರಲ್ಲಿ ಇದನ್ನು ಶುರು ಮಾಡಿದರು. ಅದಕ್ಕೆ ಮುಂಚೆ, 1986ರವರೆಗಿನ 22 ವರ್ಷಗಳಲ್ಲಿ ಅಲ್ಲಿ ಸ್ತನ ಕ್ಯಾನ್ಸರಿಗೆ ಚಿಕಿತ್ಸೆ ಪಡೆದವರು 606 ಜನ. ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ಬಂದಿದ್ದೇ ಮೂರನೇ, ನಾಲ್ಕನೇ ಹಂತದಲ್ಲಿ, ಅಂದರೆ ರೋಗ ಬಹಳ ಮುಂದುವರಿದ ಮೇಲೆ. ಐದು ವರ್ಷ ದಾಟಿ ಬದುಕಿದವರು 39 ಶೇಕಡಾ. 1995ರಿಂದ 2000ದ ನಡುವೆ ಬಂದವರಲ್ಲಿ ಅದು 70 ಶೇಕಡಾ ಆಯಿತು. ಇದರ ಪೂರ್ತಿ ಶ್ರೇಯ ನ್ಯಾವಿಗೇಟರ್‌ಗಳಿಗೇ ಸಲ್ಲಬೇಕು ಅಂತ ನಾನು ಹೇಳುವುದಿಲ್ಲ. ಮ್ಯಾಮೊಗ್ರಾಮ್ (ಸ್ತನದ ಎಕ್ಸ್‌ರೇ) ಉಚಿತವಾಗಿಯೋ ಕಡಿಮೆ ಖರ್ಚಿನಲ್ಲೋ ಸಿಗುವ ಹಾಗೆ ಮಾಡಿದ್ದರು, ಅಷ್ಟರಲ್ಲಿ ಔಷಧಗಳೂ ಸುಧಾರಿಸಿದ್ದವು.

ಚಿಕ್ಕಮ್ಮನನ್ನು ಬೇರೆ ಆಸ್ಪತ್ರೆಗೆ ಕಳಿಸುವುದಾದರೆ ‘ಬ್ಲಾಕ್’ ಎಂಬ ಪದ ನೆನಪಿಡಿ. ಬಯಾಪ್ಸಿಯಲ್ಲಿ ತೆಗೆದ ಚೂರನ್ನು ಮೇಣದಲ್ಲಿ ಕೂರಿಸಿ, ಬೆಂಕಿಪೊಟ್ಟಣಕ್ಕಿಂತ ಚಿಕ್ಕ ಪ್ಲಾಸ್ಟಿಕ್ ಚೌಕಟ್ಟಿನಲ್ಲಿ ಇಟ್ಟಿರುತ್ತಾರೆ. ಹೊಸ ಆಸ್ಪತ್ರೆಯವರು ಸಾಮಾನ್ಯವಾಗಿ ಅದನ್ನೇ ಕೇಳುತ್ತಾರೆ. ಯಾವ ಔಷಧಿ ಕೆಲಸ ಮಾಡುತ್ತದೆ ಎಂದು ತಿಳಿಸುವ ಇಆರ್, ಪಿಆರ್, ಹರ್‌-2 ಪರೀಕ್ಷೆಗಳು ಅದರ ಮೇಲೆಯೇ ಆಗಬೇಕು. ಜನ ಬರೀ ರಿಪೋರ್ಟ್ ಹಿಡಿದುಕೊಂಡು ಹೋಗುತ್ತಾರೆ, ಆಮೇಲೆ ಬ್ಲಾಕ್ ತರಲು ಮತ್ತೆ ವಾಪಸ್. ಒಂದು ವಾರ ಸುಮ್ನೆ ಹಾಳು. ರಿಪೋರ್ಟ್ ಜೊತೆಗೆ ಅದನ್ನೂ ಕೇಳಿ ತಗೊಳ್ಳಿ. ಬಿಸಿಲಿಗೆ ಇಡಬೇಡಿ, ಮೇಣ ಕರಗುತ್ತದೆ.

ಗಂಟು ತೋರಿಸಿದ 60 ದಿನದೊಳಗೆ ಅದು ಏನು ಎಂದು ಗೊತ್ತಾಗಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಆದ್ದರಿಂದ ‘ಮುಂದಿನ ಪರೀಕ್ಷೆ ಯಾವತ್ತು, ರಿಪೋರ್ಟ್ ಯಾವತ್ತು?’ ಎಂದು ತಾರೀಖು ಕೇಳಿ ಬರೆದಿಟ್ಟುಕೊಳ್ಳಿ. ‘ನಾವೇ ತಿಳಿಸುತ್ತೇವೆ’ ಅಂದರೆ ಬಿಡಬೇಡಿ.

ಇನ್ನೊಂದು ಎಚ್ಚರಿಕೆ. ಆಪರೇಷನ್ ಬೇಕೋ ಬೇಡವೋ ಅಂತ ನ್ಯಾವಿಗೇಟರ್ ಹೇಳಬಾರದು, ಅದು ಡಾಕ್ಟರ ಕೆಲಸ. ಇಂಥ ಲ್ಯಾಬಿಗೇ ಹೋಗಿ ಅಂತ ಯಾರಾದರೂ ಒತ್ತಾಯ ಮಾಡಿದರೆ ಅದು ದಲ್ಲಾಳಿ ಕೆಲಸ, ನಮ್ಮದಲ್ಲ.

ಫೋನ್ ಬಂದಾಗ ನೀವೇ ಎಲ್ಲ ಮಾತಾಡಿ ಮುಗಿಸಬೇಡಿ, ಚಿಕ್ಕಮ್ಮನ ಕೈಗೂ ಕೊಡಿ. ಮನೆಯವರ ಎದುರು ಹೇಳದ್ದನ್ನು ಎಷ್ಟೋ ಜನ ನಮ್ಮ ಹತ್ತಿರ ಹೇಳುತ್ತಾರೆ. ಮತ್ತೆ, ಗೊತ್ತಿಲ್ಲದ ನಂಬರ್ ಅಂತ ಕಟ್ ಮಾಡಬೇಡಿ. ಲೋನ್ ಬೇಕಾ ಅಂತ ಕೇಳುವವರು ಅಂದುಕೊಂಡು ನಮ್ಮ ಫೋನನ್ನು ಕಟ್ ಮಾಡುವವರೇ ಜಾಸ್ತಿ.