ಗ್ರಾಫಿಕ್ಸ್ ಬೇಡ, ಒಂದು ಬಿಲ್ ಸಾಕು

ನಮಸ್ಕಾರ. 2050ರ ಮುಂಬೈಯ ಕಸದ ಬಗ್ಗೆ ಕಿರುಚಿತ್ರ ಮಾಡಬೇಕು, ಆದರೆ ಗ್ರಾಫಿಕ್ಸ್‌ಗೆ ದುಡ್ಡಿಲ್ಲ ಅಂತ ಕೇಳಿದ್ದೀರಿ. ಗ್ರಾಫಿಕ್ಸ್ ಬೇಡವೇ ಬೇಡ. ಮುಂದಿನ ಕಾಲ ಹೇಗಿರಬಹುದು ಅಂತ ಊಹಿಸಿ ರೂಪಿಸುವ ಸ್ಪೆಕ್ಯುಲೇಟಿವ್ ಡಿಸೈನ್‌ನ ಬಲ ಇರುವುದು ಆ ಕಾಲದ ಒಂದು ಸಾಮಾನ್ಯ ವಸ್ತುವನ್ನು ಈಗಲೇ ಮಾಡಿ ಕೈಗೆ ಕೊಡುವುದರಲ್ಲಿ.

ಅಪಾರ್ಟ್ಮೆಂಟ್ ಸೊಸೈಟಿಯ ಮೇಂಟೆನೆನ್ಸ್ ಬಿಲ್ ತೆಗೆದುಕೊಳ್ಳಿ. ನೀರು, ಲಿಫ್ಟ್, ಪಾರ್ಕಿಂಗ್ ಆದಮೇಲೆ ಇನ್ನೊಂದು ಸಾಲು: ನಿಮ್ಮ ಮನೆ ಈವರೆಗೆ ಎಸೆದ ಪ್ಲಾಸ್ಟಿಕ್‌ಗೆ ಮುಂಬೈಯ ಕಸ ಸುರಿಯುವ ಜಾಗವಾದ ದೇವನಾರಿನಲ್ಲಿ ಜಾಗದ ಬಾಡಿಗೆ. ಅಜ್ಜ ಎಸೆದದ್ದರ ಬಾಕಿಯೂ ಅದರಲ್ಲೇ ಬರಲಿ. ಆ ಬಿಲ್ ಹಿಡಿದು ಗಂಡ ಹೆಂಡತಿ ಅಡುಗೆಮನೆಯಲ್ಲಿ ಜಗಳ ಆಡಿದರೆ ಸಿನಿಮಾ ಅಲ್ಲೇ ಇದೆ, ಅಲ್ವಾ? ದೇವನಾರಿನಲ್ಲಿ ಕಸ ಸುರಿಯಲು ಶುರು ಮಾಡಿದ್ದು 1927ರಲ್ಲಿ. 2016ರಲ್ಲಿ ಅಲ್ಲಿ ಬೆಂಕಿ ಬಿದ್ದಾಗ ಹೊಗೆ ದೂರದ ಬಡಾವಣೆಗಳಿಗೂ ಬಂದಿತ್ತು. ಹಾಗಾಗಿ ಈ ಬಿಲ್ ಸುಮ್ನೆ ಕಟ್ಟುಕಥೆ ಅನ್ನಿಸುವುದಿಲ್ಲ.

ಚಿತ್ರಕಥೆ ಬರೆಯುವ ಮೊದಲು ಧಾರಾವಿಯ ತೇರಾ ಕಂಪೌಂಡ್ ನೋಡಿ ಬನ್ನಿ. ಅಲ್ಲಿ ಪ್ಲಾಸ್ಟಿಕ್ಕನ್ನು ಬಗೆಬಗೆಯಾಗಿ ಬೇರೆ ಮಾಡಿ, ಪುಡಿ ಮಾಡಿ, ತೊಳೆದು, ಒಣಗಿಸಿ, ಕರಗಿಸಿ ಮತ್ತೆ ಕಾಳು ಮಾಡುತ್ತಾರೆ. ಕೇಳದೆ ಕ್ಯಾಮೆರಾ ತೆಗೆಯಬೇಡಿ. ಆ ಕೆಲಸಗಾರರನ್ನು ಪಾಪ ಅನ್ನುವಂತೆ ತೋರಿಸುವುದು ಜಾಸ್ತಿ ಆಗಿದೆ, ನನಗೆ ಅದೇ ಬೇಸರ. ಅವರ ಕೈಚಳಕ ತೋರಿಸಿ. 2050ರ ಬಿಲ್‌ನಲ್ಲಿ ಅವರಿಗೆ ಸೊಸೈಟಿ ಕೊಡುವ ಸಂಬಳದ ಸಾಲೂ ಇರಲಿ.